ತೀರಿದ ಸಾಲ, ಹರಿಯದ ಪತ್ರ

ಬ್ಯಾಂಕಿನವರು ಸಾಲ ಕೊಡಲಿಲ್ಲವೆಂಬ ಮಾತನ್ನು ನಮ್ಮ ಗೃಹಸ್ಥರು ಗಟ್ಟಿಯಾಗಿ ಆಡುವುದಿಲ್ಲ. ಮಳೆ ಬಾರದಿದ್ದರೆ ಹತ್ತು ಜನರೊಡನೆ ಹೇಳಿಕೊಳ್ಳುವರು; ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ ನೆಂಟರೊಡನೆ ಹೇಳಿಕೊಳ್ಳುವರು; ಆದರೆ ಸಾಲದ ಅರ್ಜಿಯು ತಿರಸ್ಕೃತವಾದರೆ ಮನೆಯಾಕೆಗೆ ತಿಳಿಸಲೂ ಹಿಂಜರಿಯುವರು. ಇದರ ಕಾರಣವು ಗೂಢವಾದುದಲ್ಲ. ನಮ್ಮಲ್ಲಿ ಸಾಲ ಕೊಡುವುದೆಂದರೆ ನಂಬುವುದು, ಕೊಡದಿರುವುದೆಂದರೆ ನಂಬದಿರುವುದು. ಆದುದರಿಂದ ಬ್ಯಾಂಕಿನ ನಿರಾಕರಣೆಯನ್ನು ತಮ್ಮ ಶೀಲದ ಮೇಲಿನ ತೀರ್ಪೆಂದೇ ತಿಳಿದು ತಲೆ ತಗ್ಗಿಸಿ ಹಿಂದಿರುಗುವರು. ಹೀಗೆ ಹಿಂದಿರುಗಿದವರಲ್ಲಿ ಕೆಲವರಾದರೂ ಯಾವ ತಪ್ಪನ್ನೂ ಮಾಡಿದವರಲ್ಲ. ಅವರ ವಿಷಯವಾಗಿ ಬೇರೆಯವರು ಇಟ್ಟ ಲೆಕ್ಕದಲ್ಲಿ ತಪ್ಪಿರುತ್ತದೆ.

ಹಿಂದೆ ಸಾಲ ಕೊಡುವ ಸಾಹುಕಾರನು ಕೇಳಬಂದವನ ತಂದೆಯನ್ನೂ, ಹೊಲದ ಎಲ್ಲೆಯನ್ನೂ, ಕಳೆದ ಸುಗ್ಗಿಯಲ್ಲಿ ಅವನು ನಡೆದುಕೊಂಡ ರೀತಿಯನ್ನೂ ಕಣ್ಣಾರೆ ಕಂಡವನಾಗಿದ್ದನು. ಈಗಿನ ಬ್ಯಾಂಕಿನ ಅಧಿಕಾರಿಯು ಎಲ್ಲಿಂದಲೋ ವರ್ಗವಾಗಿ ಬಂದವನು. ನಮ್ಮ ಮುಖದ ಪರಿಚಯ ಅವನಿಗಿಲ್ಲ. ಆದಕಾರಣ ಅವನು ನಮ್ಮನ್ನು ಬಿಟ್ಟು ನಮ್ಮ ವರದಿಯನ್ನು ನೋಡುತ್ತಾನೆ. ಇಂತಹ ವರದಿಗಳನ್ನು ಸಿದ್ಧಪಡಿಸುವ ಸಂಸ್ಥೆಗಳು ಭಾರತದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ಇವುಗಳಲ್ಲಿ ಮೊದಲನೆಯದು ೨೦೦೦ನೆಯ ಇಸವಿಯಲ್ಲಿ ಹುಟ್ಟಿದ್ದು. ಹಿರಿಯದಾದ ಕಾರಣ ಜನರು ವನಸ್ಪತಿಯನ್ನೆಲ್ಲ ಡಾಲ್ಡಾ ಎಂದು ಕರೆದಂತೆ ನಾಲ್ಕನ್ನೂ ಸಿಬಿಲ್ ಎಂದೇ ಕರೆಯುವರು. ಇವುಗಳನ್ನು ಆಳುವ ಶಾಸನವು ೨೦೦೫ರದು. ನಾವು ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ ಪಡೆದೆವು, ಯಾವ ತಿಂಗಳ ಕಂತನ್ನು ಎಷ್ಟು ದಿನ ತಡವಾಗಿ ಕಟ್ಟಿದೆವು ಎಂಬುದನ್ನೆಲ್ಲ ಬ್ಯಾಂಕುಗಳು ಈ ನಾಲ್ವರಿಗೂ ಒಪ್ಪಿಸಬೇಕು. ೨೦೨೫ರ ಜನವರಿ ೧ರಿಂದ ಹದಿನೈದು ದಿನಗಳಿಗೊಮ್ಮೆಯಾದರೂ ಒಪ್ಪಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ಆಜ್ಞೆ. ಇದೆಲ್ಲವನ್ನೂ ಕೂಡಿಸಿ ಕಳೆದು ೩೦೦ರಿಂದ ೯೦೦ರವರೆಗಿನ ಒಂದು ಅಂಕವನ್ನು ಕೊಡುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟ ಉಪಾಧ್ಯಾಯನು ಅರವತ್ತರಲ್ಲಿ ತಾನೇ ಅಂಕ ಪಡೆಯಬೇಕಾಗಿ ಬಂದಿರುವುದು ಕಾಲದ ವಿನೋದ.

ಋಣದ ವಿಚಾರದಲ್ಲಿ ನಮ್ಮ ಪೂರ್ವಿಕರು ಉದಾಸೀನರಾಗಿರಲಿಲ್ಲ. ಮನುವು ಹೇಳಿದ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದೇ ಋಣಾದಾನ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಲಪತ್ರದ ವಿಷಯವಾಗಿ ಒಂದು ಸೊಗಸಾದ ವಿಧಿಯಿದೆ. ಸಾಲಗಾರನು ಸ್ವಲ್ಪ ಸ್ವಲ್ಪವಾಗಿ ತೀರಿಸುವಾಗ ಆಯಾ ಮೊತ್ತವನ್ನು ಪತ್ರದ ಬೆನ್ನಿನ ಮೇಲೆ ಬರೆಯಬೇಕು, ಇಲ್ಲವೆ ಧನಿಕನು ತನ್ನ ಕೈಬರಹದ ರಸೀತಿ ಕೊಡಬೇಕು. ಸಾಲವು ಪೂರ್ತಿಯಾಗಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು, ಅಥವಾ ಶುದ್ಧಿಗಾಗಿ ಬೇರೆ ಪತ್ರವನ್ನು ಬರೆಯಿಸಿಕೊಳ್ಳಬೇಕು. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಳುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಒಂಬೈನೂರು ವರ್ಷಗಳಷ್ಟು ಹಿಂದೆ ಇದ್ದವನು. ಪತ್ರವನ್ನು ಹರಿದೊಡನೆ ಸಾಲಗಾರನು ಶುದ್ಧನಾಗುತ್ತಿದ್ದನು, ಏಕೆಂದರೆ ಪತ್ರವು ಒಂದೇ ಇದ್ದಿತು. ಈಗಲಾದರೋ ಅದರ ಪ್ರತಿಗಳು ನಾಲ್ಕು ಮನೆಗಳಲ್ಲಿ, ನಮ್ಮ ಕಣ್ಣಿಗೆ ಕಾಣದಂತೆ, ಕುಳಿತಿವೆ. ಸಾಲ ತೀರಿದರೂ ಅವು ತಾವಾಗಿ ಹರಿಯುವುದಿಲ್ಲ. ಬ್ಯಾಂಕಿನವನು ಮರೆತರೆ, ಶುದ್ಧಿಪತ್ರವನ್ನು ಬರೆಯಿಸುವ ಭಾರವು ಸಾಲ ತೀರಿಸಿದವನ ಮೇಲೆಯೇ ಬೀಳುತ್ತದೆ.

ತಪ್ಪುಗಳು ಹೇಗೆ ಹುಟ್ಟುತ್ತವೆಂಬುದನ್ನು ನೋಡೋಣ. ತೀರಿದ ಸಾಲವು ತೀರದಂತೆ ಉಳಿಯುವುದು ಅತಿ ಸಾಮಾನ್ಯವಾದುದು. ಬಳಸದೆ ಮೂಲೆಗಿಟ್ಟ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕವು ಕೆಲವು ನೂರು ರೂಪಾಯಿ ಇದ್ದದ್ದು ಬಡ್ಡಿ, ದಂಡಗಳೊಡನೆ ಬೆಳೆದು ಬಾಕಿಯೆಂದು ನಿಲ್ಲುವುದೂ ಉಂಟು. ಬ್ಯಾಂಕುಗಳ ವಿಲೀನದಿಂದ ಉಂಟಾಗುವ ಗೊಂದಲವು ನಮ್ಮ ಪ್ರಾಂತದವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಮೈಸೂರು ಬ್ಯಾಂಕು ೨೦೧೭ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು ೨೦೧೯ರಲ್ಲಿ ಬರೋಡಾ ಬ್ಯಾಂಕಿನೊಡನೆ ಕೂಡಿತು. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ೨೦೨೦ರಲ್ಲಿ ಲೀನವಾದವು. ಅಂದಿನ ಸಾಲವೊಂದು ಇಂದಿನ ವರದಿಯಲ್ಲಿ ಹೊಸ ಬ್ಯಾಂಕಿನ ಹೆಸರಿನಲ್ಲಿ ಕಂಡರೆ, ಇದು ನನ್ನದಲ್ಲವೆಂದು ಕೂಗುವ ಮೊದಲು ಹಳೆಯ ಪಾಸ್‌ಬುಕ್ಕನ್ನು ತೆಗೆದು ನೋಡುವುದು ಒಳ್ಳೆಯದು. ಒಂದೇ ಸಾಲವು ಹಳೆಯ ಸಂಖ್ಯೆಯಲ್ಲಿಯೂ ಹೊಸ ಸಂಖ್ಯೆಯಲ್ಲಿಯೂ ಎರಡಾಗಿ ಕಾಣಿಸಿದರೆ ಮಾತ್ರ ದೂರಿಗೆ ಕಾರಣವಿದೆ.

ಇನ್ನು ಹೆಸರಿನ ತೊಡಕು. ತಂದೆಯ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ, ಆ ಮೇಲೆ ತಾತನ ಹೆಸರು: ಇದು ನಮ್ಮ ಪದ್ಧತಿ. ಒಂದೊಂದು ಪೇಟೆಯಲ್ಲಿಯೂ ಒಬ್ಬಿಬ್ಬರಾದರೂ ಕೆ. ಶ್ರೀನಿವಾಸಮೂರ್ತಿಗಳಿರುವರು. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬ ಗುಮಾಸ್ತನು ಒಂದು ವಿಧ, ಮತ್ತೊಬ್ಬನು ಮತ್ತೊಂದು ವಿಧ. ಪ್ಯಾನ್ ಸಂಖ್ಯೆಯ ಒಂದಕ್ಷರವು ಅದಲುಬದಲಾದರೆ ಸಾಕು, ಯಾರದೋ ಸಾಲವು ಯಾರದೋ ಕೊರಳಿಗೆ ಬೀಳುವುದು.

ನನ್ನಲ್ಲಿ ಓದಿದ ಶಿಷ್ಯನೊಬ್ಬನಿಗೆ ಹೀಗೆಯೇ ಆಯಿತು. ಸಣ್ಣ ಉದ್ಯೋಗದಲ್ಲಿರುವವನು, ನಿವೇಶನವೊಂದಕ್ಕೆ ಮುಂಗಡ ಕೊಟ್ಟು ಕರಾರು ಮಾಡಿಕೊಂಡಿದ್ದನು. ಬ್ಯಾಂಕಿನಲ್ಲಿ ಸಾಲವಿಲ್ಲವೆಂದರು, ಏಕೆಂದು ಕೇಳಿದರೆ “ಸಿಬಿಲ್ ಸರಿಯಿಲ್ಲ” ಎಂಬ ಬಾಯಿಮಾತಿನ ಉತ್ತರ ಬಂದಿತು. ಮನೆಯಲ್ಲಿ ಹೆಂಡತಿಯು, ಗಂಡನು ತನಗೆ ತಿಳಿಸದೆ ಎಲ್ಲಿಯೋ ಸಾಲ ಮಾಡಿದ್ದಾನೆಂದು ಭಾವಿಸಿ ಮಾತು ಬಿಟ್ಟಳು. ಅವನು ನಾಚಿಕೆಯಿಂದ ಮೂರು ವಾರ ಸುಮ್ಮನಿದ್ದು, ಬಳಿಕ ನನ್ನ ಬಳಿಗೆ ಬಂದನು. ವರದಿಯನ್ನು ತರಿಸಿ ಓದಿದೆವು. ಅವನು ಎಂದೂ ಕಾಣದ ಊರೊಂದರಲ್ಲಿ ಕೊಂಡ ಮೋಟಾರುಬೈಕಿನ ಸಾಲವು, ಮೂರು ವರ್ಷಗಳ ಬಾಕಿಯೊಡನೆ, ಅವನ ಹೆಸರಿನಲ್ಲಿದ್ದಿತು. ವಿಳಾಸ ಬೇರೆ, ಹುಟ್ಟಿದ ದಿನ ಬೇರೆ, ಹೆಸರು ಮಾತ್ರ ಒಂದೇ. ಅವನಿಗೆ ಸ್ವಂತ ಸೈಕಲ್ಲನ್ನು ಬಿಟ್ಟು ಬೇರೆ ವಾಹನವಿಲ್ಲವೆಂಬುದನ್ನು ನಾನೇ ಬಲ್ಲೆ. ದೂರು ಕೊಟ್ಟ ನಾಲ್ಕನೆಯ ವಾರದಲ್ಲಿ ಒಂದು ಸಂಸ್ಥೆಯ ವರದಿಯು ಶುದ್ಧವಾಯಿತು. ಮತ್ತೊಂದರಲ್ಲಿ ಹಾಗೆಯೇ ಉಳಿದಿದ್ದುದನ್ನು ಪುನಃ ಬರೆದು ತಿದ್ದಿಸಬೇಕಾಯಿತು. ಅಷ್ಟರೊಳಗೆ ಕರಾರಿನ ಅವಧಿ ಮುಗಿದು, ನಿವೇಶನವು ಬೇರೆಯವರ ಪಾಲಾಯಿತು. ಹೆಂಡತಿಯ ಸಂಶಯ ತೀರಿದುದೊಂದೇ ಲಾಭ.

ಎರಡು ಸಂಗತಿಗಳು ತಪ್ಪಿನಂತೆ ಕಂಡರೂ ತಪ್ಪಲ್ಲ. ಮೊದಲನೆಯದು ಜಾಮೀನು. ಸ್ಮೃತಿಕಾರರು ಪ್ರತಿಭೂ ಎಂದು ಕರೆಯುವ ಜಾಮೀನುದಾರರಲ್ಲಿ ಮೂರು ವಿಧ: ಸಾಲಗಾರನನ್ನು ಕರೆತಂದು ತೋರಿಸುವೆನೆನ್ನುವವನು, ಇವನು ನಂಬತಕ್ಕವನೆಂದು ಭರವಸೆ ಕೊಡುವವನು, ಇವನು ಕೊಡದಿದ್ದರೆ ನಾನೇ ಕೊಡುವೆನೆನ್ನುವವನು. ನಮ್ಮವರು ಸ್ನೇಹಿತನಿಗಾಗಿ ಬ್ಯಾಂಕಿನಲ್ಲಿ ರುಜು ಹಾಕುವಾಗ ತಾವು ಎರಡನೆಯ ವರ್ಗದವರೆಂದು ತಿಳಿಯುವರು. ೧೮೭೨ರ ಕರಾರು ಶಾಸನವು ಅವರನ್ನು ಮೂರನೆಯ ವರ್ಗದಲ್ಲಿ ಇಡುತ್ತದೆ: ಬೇರೆ ಒಪ್ಪಂದವಿಲ್ಲದಿದ್ದರೆ ಸಾಲಗಾರನ ಹೊಣೆಯೆಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಆದುದರಿಂದ ಸ್ನೇಹಿತನ ಬಾಕಿಯು ನಮ್ಮ ವರದಿಯಲ್ಲಿ ಕಂಡರೆ ಅದನ್ನು ಅಳಿಸಲು ಬರುವುದಿಲ್ಲ, ಸ್ನೇಹಿತನನ್ನು ಹುಡುಕಬೇಕು. ಎರಡನೆಯದು, ಒಂದೇ ಸಲದ ತೀರುವಳಿ. ಬ್ಯಾಂಕು ಒಂದಷ್ಟನ್ನು ಬಿಟ್ಟು ಉಳಿದುದನ್ನು ಪಡೆದು ಸಾಲವನ್ನು ಮುಗಿಸಿದರೆ, ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರೆಯದೆ ‘ಸೆಟಲ್ಡ್’ ಎಂದು ಬರೆಯುತ್ತಾರೆ. ಗೃಹಸ್ಥನು ಎರಡೂ ಒಂದೇ ಎಂದು ಭಾವಿಸುವನು. ಮುಂದೆ ಸಾಲ ಕೊಡುವವನು ಹಾಗೆ ಭಾವಿಸುವುದಿಲ್ಲ. ಬಿಟ್ಟ ಹಣವನ್ನು ಕಟ್ಟಿ, ಪೂರ್ಣವಾಗಿ ತೀರಿತೆಂದು ಬ್ಯಾಂಕಿನಿಂದ ಬರೆಯಿಸಿಕೊಳ್ಳದೆ ಆ ಶಬ್ದವನ್ನು ಬದಲಾಯಿಸುವುದು ಕಷ್ಟ.

ಈಗ ಮಾಡತಕ್ಕ ಕೆಲಸ. ನಿರಾಕರಣೆಯ ಮುಖ್ಯ ಕಾರಣಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ಸಾಲವು ದೊಡ್ಡದಾಗಲಿ ಚಿಕ್ಕದಾಗಲಿ, ಬ್ಯಾಂಕುಗಳು ಹಾಗೆ ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅವರು ತರಿಸಿದ ವರದಿಯ ಪ್ರತಿಯನ್ನು ಕೇಳುವ ಹಕ್ಕನ್ನು ೨೦೦೫ರ ಶಾಸನದ ೨೧ನೆಯ ಕಲಮು ಅರ್ಜಿದಾರನಿಗೆ ಕೊಟ್ಟಿದೆ. ಅಲ್ಲದೆ ೨೦೧೭ರಿಂದ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕಸಹಿತವಾಗಿ ಪುಕ್ಕಟೆಯಾಗಿ ಕೊಡತಕ್ಕದ್ದು. ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುವುದೆಂಬ ಭಯವು ನಿರಾಧಾರವಾದುದು. ಇಳಿಯುವ ಸಂಭವವಿರುವುದು, ಒಂದೆಡೆ ಇಲ್ಲವೆಂದರೆಂದು ಅದೇ ವಾರ ಮತ್ತೆ ಐದು ಕಡೆ ಅರ್ಜಿ ಹಾಕುವುದರಿಂದ. ಪ್ರತಿಯೊಂದು ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ.

ತಪ್ಪು ಕಂಡರೆ ವರದಿಯ ಸಂಸ್ಥೆಗೂ, ಆ ಸಾಲವನ್ನು ವರದಿ ಮಾಡಿದ ಬ್ಯಾಂಕಿಗೂ ಏಕಕಾಲದಲ್ಲಿ ಬರೆಯಿರಿ. ಸಂಸ್ಥೆಯು ಬ್ಯಾಂಕಿನ ಒಪ್ಪಿಗೆಯಿಲ್ಲದೆ ತಾನಾಗಿ ಅಂಕೆಗಳನ್ನು ತಿದ್ದುವಂತಿಲ್ಲ. ಆದುದರಿಂದ ಒಬ್ಬರಿಗೆ ಮಾತ್ರ ಬರೆದರೆ ಕಾಗದವು ಆಚೀಚೆ ಅಲೆದಾಡುವುದು. ತಪ್ಪಿನ ಸಾಲು ಯಾವುದು, ಸರಿಯಾದುದು ಯಾವುದು, ಅದಕ್ಕೆ ಆಧಾರವೇನು, ಇಷ್ಟೇ ಸಾಕು; ನಮ್ಮ ಕುಲಗೌರವದ ವರ್ಣನೆ ಬೇಡ. ದೂರಿನ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲವೂ ದಿನಗಳ ಲೆಕ್ಕದ ಮೇಲೆ ನಿಂತಿದೆ. ಮೂವತ್ತು ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿಗೆ ಇಪ್ಪತ್ತೊಂದು ದಿನ. ಮೀರಿದರೆ ೨೦೨೪ರ ಏಪ್ರಿಲ್ ೨೬ರಿಂದ ಜಾರಿಗೆ ಬಂದ ನಿಯಮದಂತೆ, ತಡಮಾಡಿದವರು ದಿನಕ್ಕೆ ೧೦೦ ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡತಕ್ಕದ್ದು. ಮೊತ್ತವು ಅಲ್ಪವೇ; ಆದರೆ ಗಡಿಯಾರವು ಅವರ ಗೋಡೆಯ ಮೇಲೆಯೂ ತೂಗುವಂತಾಯಿತು.

ಉತ್ತರವು ಬಾರದಿದ್ದರೂ, ಬಂದದ್ದು ಸಮಾಧಾನಕರವಲ್ಲದಿದ್ದರೂ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಮೊರೆಯಿಡಬಹುದು. ೨೦೨೨ರ ಸೆಪ್ಟೆಂಬರಿನಿಂದ ವರದಿಯ ಸಂಸ್ಥೆಗಳೂ ಆತನ ವ್ಯಾಪ್ತಿಯೊಳಗೆ ಬಂದಿವೆ. ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ. ಮೊದಲು ಬ್ಯಾಂಕಿಗೆ ಅಥವಾ ಸಂಸ್ಥೆಗೆ ದೂರು ಕೊಟ್ಟಿರಬೇಕೆಂಬುದೊಂದೇ ಮುಖ್ಯ ನಿಬಂಧನೆ. ಆದರೆ ಇವನಿಗೆ ಸಾಲ ಕೊಡಿರೆಂದು ಆತನು ಬ್ಯಾಂಕಿಗೆ ಆಜ್ಞಾಪಿಸಲಾರನು. ಕೊಡುವುದೂ ಬಿಡುವುದೂ ಬ್ಯಾಂಕಿನ ವಿವೇಚನೆ. ಆದಾಯವು ಸಾಲದು, ಕಂತುಗಳ ಭಾರ ಹೆಚ್ಚು, ಆಸ್ತಿಯ ಪತ್ರಗಳಲ್ಲಿ ದೋಷವಿದೆ ಎಂಬ ಕಾರಣಗಳಿಗೆ ವರದಿಯ ಶುದ್ಧಿಯು ಔಷಧವಲ್ಲ. ಹಣ ಕೊಟ್ಟರೆ ಅಂಕ ಏರಿಸಿಕೊಡುವೆವೆಂದು ದೂರವಾಣಿಯಲ್ಲಿ ಮಾತನಾಡುವವರನ್ನು ನಂಬಬೇಡಿ. ನಿಜವಾದ ಬಾಕಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ; ಸುಳ್ಳು ಬಾಕಿಯನ್ನು ತಿದ್ದಿಸಲು ಅವರು ಬೇಕಾಗಿಲ್ಲ.

ಗೃಹಿಣಿಯರ ವಿಷಯವಾಗಿ ಒಂದು ಮಾತು. ಎಂದೂ ಸಾಲ ಮಾಡದೆ ಸಂಸಾರ ತೂಗಿಸಿದ ಹೆಂಗಸಿಗೆ ವರದಿಯೇ ಇರುವುದಿಲ್ಲ. ಆಕೆ ಹೊಲಿಗೆಯ ಅಂಗಡಿಗಾಗಿ ಹಣ ಕೇಳಿದರೆ ಚರಿತ್ರೆಯಿಲ್ಲವೆಂದು ಹಿಂದಕ್ಕೆ ಕಳುಹಿಸುವುದು ವಿಚಿತ್ರವಾಗಿದ್ದಿತು. ಮೊದಲ ಸಲ ಸಾಲ ಕೇಳುವವರನ್ನು ಪೂರ್ವಚರಿತ್ರೆಯಿಲ್ಲವೆಂಬ ಒಂದೇ ಕಾರಣದಿಂದ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು ೨೦೨೫ರ ಜನವರಿ ೬ರ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಅರ್ಜಿಯೊಡನೆ ಇದನ್ನೂ ಉಲ್ಲೇಖಿಸಬಹುದು.

ಕೊನೆಯ ಕಂತನ್ನು ಕಟ್ಟಿದ ದಿನ ಸಂತೋಷದಿಂದ ಮನೆಗೆ ಓಡಿಬರದೆ, ಬಾಕಿಯಿಲ್ಲವೆಂಬ ಪತ್ರವನ್ನು ಮೊಹರಿನೊಡನೆ ಕೇಳಿ ತೆಗೆದುಕೊಳ್ಳಿ; ಯಾಜ್ಞವಲ್ಕ್ಯನು ಹೇಳಿದ ಶುದ್ಧಿಪತ್ರವೆಂದರೆ ಇದೇ. ಮನೆಯ ಅಥವಾ ಜಮೀನಿನ ಮೂಲಪತ್ರಗಳನ್ನು ಒತ್ತೆಯಿಟ್ಟಿದ್ದರೆ ಮೂವತ್ತು ದಿನಗಳೊಳಗೆ ಅವರು ಹಿಂದಿರುಗಿಸಬೇಕು. ೨೦೨೩ರ ಡಿಸೆಂಬರ್ ೧ರಿಂದ ಆಚೆಗೆ ಬಿಡುಗಡೆಗೆ ಬಂದ ಪತ್ರಗಳ ವಿಷಯದಲ್ಲಿ, ಬ್ಯಾಂಕಿನ ತಪ್ಪಿನಿಂದ ತಡವಾದರೆ, ದಿನಕ್ಕೆ ೫,೦೦೦ ರೂಪಾಯಿ ಕೊಡಬೇಕು. ಆಸ್ತಿಯ ಮೇಲೆ ನೋಂದಾಯಿಸಿದ ಹೊರೆಯನ್ನು ತೆಗೆಸುವುದೂ ಅದೇ ಅವಧಿಯ ಕೆಲಸ. ಎರಡು ತಿಂಗಳು ಬಿಟ್ಟು ವರದಿಯನ್ನು ತರಿಸಿ, ಆ ಸಾಲದ ಎದುರಿಗೆ ಏನು ಬರೆದಿದ್ದಾರೆಂದು ನಾಲ್ಕರಲ್ಲಿಯೂ ಓದಿ ನೋಡಿ, ಬ್ಯಾಂಕಿನ ಪತ್ರವನ್ನು ಕ್ರಯಪತ್ರದ ಜೊತೆಯಲ್ಲಿಯೇ ಪೆಟ್ಟಿಗೆಯಲ್ಲಿಡಿ.