ಯಾರ ಹೊಲದ ಕಾಳು

ರಾಶಿ ಮುಗಿದ ಮೇಲೆ ನಮ್ಮೂರು ಮಟಕಿಯ ತೊಗರಿ ಕಲಬುರಗಿ ಮಾರುಕಟ್ಟೆಗೆ ಹೋಗುತ್ತದೆ. ಆಳಂದದ್ದು, ಅಫಜಲಪುರದ್ದು, ಜೇವರ್ಗಿಯದ್ದು ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ. ಖರೀದಿಯಾಗಿ ಒಂದೇ ಗುಡ್ಡೆಗೆ ಸೇರಿತೆಂದರೆ ಕಾಳು ಉಳಿಯುತ್ತದೆ, ಹೊಲದ ಗುರುತು ಅಳಿಯುತ್ತದೆ. ಆ ಗುಡ್ಡೆಯ ಮುಂದೆ ಕೂತು, ಒಂದೊಂದೇ ಕಾಳು ಎತ್ತಿ, ಇದು ಇಂಥವರ ಹೊಲದ್ದು ಎಂದು ಬೇರೆ ಮಾಡಲು ಹೊರಟವನಿಗೆ ನಾವು ಏನೆನ್ನುತ್ತೇವೋ ಗೊತ್ತೇ ಇದೆ. ಸ್ಕಾಟ್ಲೆಂಡಿನ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ ಗ್ರಂಥಾಲಯದಲ್ಲಿ ಹೆನ್ರಿ ನೋಲ್ಟಿ ಎಂಬ ಸಸ್ಯಶಾಸ್ತ್ರಜ್ಞರು ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸವನ್ನು. ಹಾಗೆ ಬೇರೆ ಮಾಡುತ್ತ ಹೋದಾಗ ಅವರಿಗೆ ಸಿಕ್ಕ ಹೊಲಗಳಲ್ಲಿ ಒಂದು ನಮ್ಮ ಶಿವಮೊಗ್ಗ.

ಆ ತೋಟದ ಗ್ರಂಥಾಲಯದಲ್ಲಿ ಸಸ್ಯಚಿತ್ರಗಳ ದೊಡ್ಡ ಸಂಗ್ರಹವಿದೆ. ಅದನ್ನು ಜೋಡಿಸಿದ್ದು ಗಿಡಗಳ ಕುಟುಂಬದ ಪ್ರಕಾರ. ಅವರೆ, ಹೆಸರು, ತೊಗರಿಯ ಕುಟುಂಬದ್ದೆಲ್ಲ ಒಂದು ಕಡೆ, ದಾಸವಾಳ, ಹತ್ತಿಯ ಕುಟುಂಬದ್ದೆಲ್ಲ ಇನ್ನೊಂದು ಕಡೆ. ಗಿಡ ಹುಡುಕಿ ಬಂದವನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಒಬ್ಬನೇ ಕಲಾವಿದ, ಒಂದೇ ಊರಲ್ಲಿ ಕೂತು, ಎರಡು ಮೂರು ವರ್ಷ ಬರೆದ ಚಿತ್ರಗಳು ಈ ಅಚ್ಚುಕಟ್ಟಿನಿಂದಲೇ ದಿಕ್ಕಾಪಾಲಾದವು. ಕಾಗದ ಒಂದೂ ಹಾಳಾಗಿರಲಿಲ್ಲ, ಬರೆದವನೂ ಬರೆಸಿದವನೂ ಮಾತ್ರ ಕಣ್ಣಿಗೆ ಬೀಳದಂತಾಗಿದ್ದರು. ದಾಖಲೆಗಳು ಬೆಂಕಿಗೆ, ಗೆದ್ದಲಿಗೆ ಆಹುತಿಯಾಗುವುದನ್ನು ಕೇಳಿದ್ದೇವೆ. ಒಪ್ಪವಾಗಿ ಎತ್ತಿಟ್ಟದ್ದಕ್ಕೇ ಮರೆಯಾದ ಕತೆ ನನಗಂತೂ ಹೊಸದು.

ನೋಲ್ಟಿ 1986ರಲ್ಲಿ ಆ ತೋಟದಲ್ಲಿ ಕೆಲಸಕ್ಕೆ ಸೇರಿದವರು. ಭಾರತದಿಂದ ಬಂದ ಚಿತ್ರಗಳ ಬೆನ್ನು ಹತ್ತಿದ ಮೇಲೆ ಅವರು ಎರಡು ದಶಕ ಅದನ್ನು ಬಿಡಲಿಲ್ಲ. ಇಂಥ ಹುಡುಕಾಟದಲ್ಲಿ ಗಿಡದ ಹೆಸರಿಗಿಂತ ಅದರ ಸುತ್ತಲಿನದೇ ಮುಖ್ಯ. ಕಾಗದ ಯಾವ ಬಗೆಯದು, ಅಂಚಿನಲ್ಲಿ ಬರೆದ ಅಕ್ಷರ ಯಾರ ಕೈಯದು, ಮೂಲೆಯ ಅಂಕಿ ಯಾವ ಸರಣಿಗೆ ಸೇರಿದ್ದು, ಎಲೆಯ ನರಕ್ಕೆ ಕುಂಚ ಹೇಗೆ ಹರಿದಿದೆ ಎಂಬುದನ್ನೆಲ್ಲ ನೋಡಬೇಕು. ಹೀಗೆ ಕೂಡಿಸಿದ ಚಿತ್ರಗಳಿಂದ ಒಂದರ ಹಿಂದೆ ಒಂದು ಪುಸ್ತಕ ಬಂದವು. ಪುಣೆ ಹತ್ತಿರದ ದಾಪುರಿ ತೋಟದ ಚಿತ್ರಗಳ ಬಗ್ಗೆ 2002ರಲ್ಲಿ, ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ಗಾಗಿ ರಂಗಯ್ಯ ಮತ್ತು ಗೋವಿಂದು ಬರೆದ ಚಿತ್ರಗಳ ಬಗ್ಗೆ 2007ರಲ್ಲಿ, ಕ್ಲೆಗ್‌ಹಾರ್ನ್ ಸಂಗ್ರಹದ ಬಗ್ಗೆ 2016ರಲ್ಲಿ.

ಶಿವಮೊಗ್ಗ ಬರುವುದು ಈ ಕೊನೆಯದರಲ್ಲಿ. ಹ್ಯೂ ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರಾಗಿ ಮರಳಿ ಬಂದ. ಮೈಸೂರು ಸೀಮೆಯ ನಗರ ವಿಭಾಗಕ್ಕೆ, ಶಿವಮೊಗ್ಗಕ್ಕೆ, ಅವನನ್ನು ಹಾಕಿದರು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ನೋಡು ಎಂದು ಹಿರಿಯ ಸಸ್ಯಶಾಸ್ತ್ರಜ್ಞ ವಿಲಿಯಂ ಹುಕರ್ ಕೊಟ್ಟ ಸಲಹೆಯನ್ನು ಆತ ವ್ರತದಂತೆ ಹಿಡಿದ. ಒಬ್ಬ ಮರಾಠಿ ಚಿತ್ರಕಾರನನ್ನು ಕೆಲಸಕ್ಕಿಟ್ಟುಕೊಂಡು, ಕಂಡ ಗಿಡವನ್ನು ಬರೆಸತೊಡಗಿದ. 1845ರ ಆಸುಪಾಸಿನ ಮಾತು ಇದು. ಮಲೆನಾಡಿನ ಮಳೆಯಲ್ಲಿ, ಕಿತ್ತು ತಂದ ಕೊಂಬೆ ಬಾಡುವುದರೊಳಗೆ, ಹೂವಿನ ಬಣ್ಣ ಇಳಿಯುವುದರೊಳಗೆ ಕೆಲಸ ಮುಗಿಸಬೇಕು. ಮೊದಲು ಸೀಸದ ಗೆರೆ, ಆಮೇಲೆ ನೀರುಬಣ್ಣ, ಮತ್ತೆ ಕುಂಚದ ತುದಿಯಲ್ಲಿ ನರಗಳು. ಇವತ್ತಿನ ಗಿಡ ಇವತ್ತೇ. ನಾಳೆಗೆ ಬೇರೆ ಗಿಡ ಕಾದಿರುತ್ತದೆ.

ಕ್ಲೆಗ್‌ಹಾರ್ನ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. 1850ರಲ್ಲಿ ಆತ ಭಾರತದ ಬೇಲಿಗಿಡಗಳ ಮೇಲೆಯೇ ಒಂದು ಲೇಖನ ಬರೆದ. ಯಾವ ನೆಲಕ್ಕೆ, ಯಾವ ಕೆಲಸಕ್ಕೆ ಯಾವ ಬೇಲಿ ಸರಿ ಎಂಬುದು ಅದರ ವಿಷಯ. ಕಳ್ಳಿ, ಜಾಲಿ, ಭೂತಾಳಿ ನೋಡುತ್ತ ಬೆಳೆದ ನಮ್ಮಂಥವರಿಗೆ ಬೇಲಿಯೂ ಓದಿನ ವಿಷಯ ಅನ್ನಿಸಿರಲಿಲ್ಲ. ಅದರ ಮರುವರ್ಷವೇ ಉಷ್ಣವಲಯದ ಕಾಡುಗಳ ನಾಶದ ಕುರಿತ ವರದಿಯೊಂದು ಬ್ರಿಟಿಷ್ ಅಸೋಸಿಯೇಷನ್ನಿನ ಮುಂದೆ ಬಂತು. ಅದರ ಹಿಂದಿನ ಕೈ ಇವನದೇ. 1856ರಲ್ಲಿ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಅದೇ ವರ್ಷ ಹೈದರನ ಲಾಲ್‌ಬಾಗು ಸರ್ಕಾರಿ ಸಸ್ಯತೋಟವಾಯಿತು, ಆ ವಿಷಯದಲ್ಲಿ ಕಮಿಷನರ್ ಮಾರ್ಕ್ ಕಬ್ಬನ್‌ಗೆ ಸಲಹೆ ಕೊಟ್ಟವನೂ ಇವನೇ.

ಇಷ್ಟೆಲ್ಲ ಹೇಳಲು ಸಾಧ್ಯವಾದದ್ದು ಸಾಹೇಬನ ಹೆಸರು ಕಾಗದದ ಮೇಲೆ ಉಳಿದದ್ದರಿಂದ. ಶಿವಮೊಗ್ಗದ ಆ ಚಿತ್ರಕಾರ? ‘ಮರಾಠಿಯವನು’ ಎಂಬ ಒಂದು ಪದ, ಅಷ್ಟೇ. ದಾಪುರಿಯ ಚಿತ್ರಕಾರನಿಗೂ ಹೆಸರಿಲ್ಲ, ಆತ ಪೋರ್ಚುಗೀಸ್ ಮೂಲದ ಭಾರತೀಯ ಎಂಬಷ್ಟೇ ಗುರುತು. ರಂಗಯ್ಯ, ಗೋವಿಂದು ಮಾತ್ರ ತಪ್ಪಿಸಿಕೊಂಡರು. ವೈಟ್ ತನ್ನ ಅಚ್ಚಾದ ಚಿತ್ರಗಳ ಕೆಳಗೆ ಅವರ ಹೆಸರು ಹಾಕಿಸಿದ. 1853ರಲ್ಲಿ ಒಂದು ಸೀತಾಳೆ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ಮುಂದೆ ಆ ಕುಲ ಬೇರೆ ಕುಲದಲ್ಲಿ ಸೇರಿಹೋಯಿತು, ಆದರೂ ಹಳೆಯ ಹೆಸರುಗಳ ಪಟ್ಟಿಯಲ್ಲಿ ಗೋವಿಂದು ಇದ್ದಾನೆ. ಕ್ಲೆಗ್‌ಹಾರ್ನ್ ಅಷ್ಟೊಂದು ಕಣ್ಣಿದ್ದವನು, ಒಂದು ಸಾಲು ಬರೆಯಬಹುದಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಾಲ್‌ಬಾಗಿನ ಗ್ರಂಥಾಲಯ ಈ ಮಟ್ಟಿಗೆ ನಮ್ಮ ಮಾನ ಉಳಿಸಿದೆ. ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಅಲ್ಲಿ ಸೂಪರಿಂಟೆಂಡೆಂಟ್. ಗಾಜಿನಮನೆ ಎದ್ದದ್ದು ಅವನ ಕಾಲದಲ್ಲೇ, 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಆ ದಿನಗಳಲ್ಲಿ ತೋಟದ ಚಿತ್ರಕಾರನಾಗಿದ್ದವರು ಚೆಲುವಯ್ಯ ರಾಜು. ಅವರು ಬರೆದ ಗಿಡ, ಹೂವು, ಹಣ್ಣುಗಳ ಚಿತ್ರಗಳು ತೋಟದಲ್ಲೇ ಉಳಿದವು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಆಸಕ್ತರು ಅವುಗಳನ್ನು ಮತ್ತೆ ಬೆಳಕಿಗೆ ತಂದರು. ಚಿತ್ರದ ಜೊತೆ ಹೆಸರೂ ಬಂತು, ಆದ್ದರಿಂದ ಇವತ್ತು ನಾವು ಅವರನ್ನು ಹೆಸರು ಹಿಡಿದು ಕರೆಯುತ್ತೇವೆ. ಕ್ಯಾಮೆರಾ ಬಂದ ಮೇಲಾದರೂ ಎಲ್ಲರಿಗೂ ಈ ಭಾಗ್ಯ ಬಂತೇ ಎಂದರೆ ಇಲ್ಲ. ಸಸ್ಯತೋಟಗಳ ಹಳೆಯ ಫೋಟೋಗಳಲ್ಲಿ ದೊಡ್ಡ ಮರದ ಬುಡದಲ್ಲಿ ಒಬ್ಬ ಮಾಲಿಯನ್ನು ನಿಲ್ಲಿಸುವ ರೂಢಿ ಇತ್ತು, ಮರ ಎಷ್ಟು ಎತ್ತರ ಎಂದು ತಿಳಿಯಲಿ ಅಂತ. ಮರದ ಲ್ಯಾಟಿನ್ ಹೆಸರು ಕೆಳಗಿರುತ್ತದೆ. ಮಾಲಿ ಅಳತೆಗೋಲು.

ಲ್ಯಾಟಿನ್ ಹೆಸರಿನ ಮಾತು ಬಂತೆಂದರೆ, ನಮ್ಮೂರಿನ ಹೆಸರಿನದೇ ಒಂದು ಕಾಳಿದೆ, ಮಟಕಿ. ಉಸಳಿ ಮಾಡಿ ರೊಟ್ಟಿ ಜೊತೆ ತಿನ್ನುವ ಅದೇ ಕಾಳು. ಅದಕ್ಕೆ 1768ರಲ್ಲಿ ಲ್ಯಾಟಿನ್ ಹೆಸರಿಟ್ಟವನು ಜಾಕ್ವಿನ್, ವಿಯೆನ್ನಾ ವಿಶ್ವವಿದ್ಯಾಲಯದ ಸಸ್ಯತೋಟವನ್ನು ಬಹುಕಾಲ ನಡೆಸಿದವನು. ವತ್ಸನಾಭಿಯಂಥ ಎಲೆಯದು ಎಂದು ಅದರ ಅರ್ಥ. ಇದನ್ನು ಓದಿದ ದಿನವೇ ಹೊಲಕ್ಕೆ ಹೋಗಿ ನೆಲದ ಮೇಲೆ ಕೂತು ನೋಡಿದೆ. ಮೂರೆಲೆಯ ಗೊಂಚಲು, ಪ್ರತಿ ಎಲೆಯೂ ಒಳಗಿನ ತನಕ ಸೀಳಿ ಬೆರಳು ಬಿಡಿಸಿದ ಹಾಗೆ. ಪಕ್ಕದ ಹೆಸರಿನ ಗಿಡದ ಎಲೆ ಅಗಲ, ಅಖಂಡ. ಹುಟ್ಟಿದಾಗಿನಿಂದ ತುಳಿದಾಡಿದ ಬಳ್ಳಿ, ಎಲೆಯ ಈ ಕತ್ತರಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಳದಿ ಹೂವು ತೀರ ಚಿಕ್ಕದು, ಎಲೆ ಸರಿಸಿದರೆ ಕಾಣುತ್ತದೆ.

ಅವ್ವನನ್ನು ಬಳ್ಳಿಯ ಪಕ್ಕ ಕೂಡಿಸಿ ಒಂದು ಫೋಟೋ ತೆಗೆದೆ. ಆಳಂದದಲ್ಲಿ ಪ್ರಿಂಟ್ ಹಾಕಿಸಿ ತಂದು, ಹಿಂದೆ ತಾರೀಖು, ಹೊಲದ ಸರ್ವೆ ನಂಬರು, ಅವಳ ಪೂರ್ತಿ ಹೆಸರು ಬರೆದೆ. ಏನು ಬರೆದಿ ಎಂದು ಕೇಳಿ ಓದಿಸಿಕೊಂಡಳು. ‘ನಂದ್ಯಾಕ ಬರದಿ, ಬಿತ್ತಿದಾಂವ ನಿಮ್ಮಪ್ಪ’ ಅಂದಳು. ಅಪ್ಪನ ಹೆಸರನ್ನೂ ಕೆಳಗೆ ಸೇರಿಸಿದೆ.