ಗೊಂಬೆಯ ಹಿಂದಿನ ಕೈ

ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಜನರನ್ನು ನಗಿಸುವದನ್ನು ನಮ್ಮ ಹಿರಿಯರು ಬಲ್ಲರು. ಗೊಂಬೆಯ ಹಾಸ್ಯವು ಟೆಲಿವಿಜನ್ನಿಗೂ ಬಂದಿತು. ಅನ್ಯಗ್ರಹದ ಪ್ರಾಣಿಯೊಂದು ಒಂದು ಸಂಸಾರದಲ್ಲಿ ಬಂದು ನೆಲೆಸಿದ ಕಥೆಯುಳ್ಳ 'ಆಲ್ಫ್' ಎಂಬ ಧಾರಾವಾಹಿಯು ಅಮೇರಿಕದಲ್ಲಿ 1986ರಿಂದ 1990ರ ವರೆಗೆ ಪ್ರಸಾರವಾಯಿತು. ಅದರ ರಂಗಸ್ಥಳವನ್ನು ನೆಲದಿಂದ ಎತ್ತರಿಸಿ ಅಲ್ಲಲ್ಲಿ ಕಂಡಿಗಳನ್ನು ಬಿಟ್ಟಿದ್ದರು. ಪಾಲ್ ಫಸ್ಕೊ ಎಂಬವರು ಕೆಳಗೆ ಅಡಗಿ ಗೊಂಬೆಯನ್ನಾಡಿಸಿ, ಅದರ ಮಾತನ್ನೂ ತಾವೇ ಆಡುತ್ತಿದ್ದರು. ಅರ್ಧ ತಾಸಿನ ಒಂದು ಕಂತಿಗೆ ದಿನವಿಡೀ ದುಡಿಯಬೇಕಾಗುತ್ತಿತ್ತು.

ಪ್ರೇಕ್ಷಕರು ಗೊಂಬೆಯನ್ನು ಕಂಡು ನಗುವರು. ಆಡಿಸುವ ಕೈಯನ್ನು ಕಾಣರು. ಕೊಪ್ಪಳ ಸೀಮೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬವರು ಬಾಳಿನುದ್ದಕ್ಕೂ ತೊಗಲುಗೊಂಬೆಗಳನ್ನಾಡಿಸಿ, 90 ವರುಷ ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಪಡೆದರು.

ಪಾಲಕರೇ, ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಮನೆಯಲ್ಲಿ ಮರೆಯಾಗಿ ದುಡಿಯುವ ಹೆಣ್ಣುಮಕ್ಕಳ ಕೈಯನ್ನು ಅಷ್ಟು ತಡಮಾಡದೆ ಗುರುತಿಸಿರೆಂದು ನಾವು ಬಿನ್ನವಿಸುತ್ತೇವೆ.