ನಸುಗೆಂಪು ಮೊಟ್ಟೆಗಳನ್ನಿಡುವ ಕೋಳಿಯ ತಳಿಯನ್ನು ಬೆಳೆಸುವ ಕ್ರಮ

ಕೋಳಿಮೊಟ್ಟೆಗಳ ಚಿಪ್ಪಿನಲ್ಲಿ ಬಿಳುಪು, ಕಂದು, ನೀಲಿ ಮೊದಲಾದ ವರ್ಣಭೇದಗಳುಂಟು. ನಮ್ಮ ಹಳ್ಳಿಗಳ ನಾಟಿ ಕೋಳಿಗಳ ಮೊಟ್ಟೆಗಳು ಬಹುಮಟ್ಟಿಗೆ ಕೆನೆಯ ಬಣ್ಣದವಾಗಿ ಅಥವಾ ತಿಳಿಗಂದಾಗಿ ಇರುತ್ತವೆ. ಪೇಟೆಗಳಲ್ಲಿ ಈ ಬಣ್ಣವನ್ನೇ ನಾಟಿ ಮೊಟ್ಟೆಯ ಗುರುತೆಂದೆಣಿಸಿ ಹೆಚ್ಚು ಬೆಲೆ ಕೊಡುವವರಿರುವುದರಿಂದ, ನಸುಗೆಂಪು ಮೊಟ್ಟೆಗಳನ್ನು ಪಡೆಯಬೇಕೆಂಬ ಅಪೇಕ್ಷೆಯು ಜಮೀನುದಾರರಲ್ಲಿ ಹುಟ್ಟುವುದು ಸಹಜವೇ. ಆದರೆ ಹುಂಜದ ಆಯ್ಕೆಯಲ್ಲಿ ಅಲಕ್ಷ್ಯ ಮಾಡಿದರೆ ಎರಡು ಮೂರು ವರ್ಷಗಳ ಶ್ರಮವೂ ಹಣವೂ ವ್ಯರ್ಥವಾಗುವ ಸಂಭವವುಂಟು.

ನಸುಗೆಂಪೆಂಬುದು ಪ್ರತ್ಯೇಕವಾದ ವರ್ಣದ್ರವ್ಯದಿಂದ ಆದುದಲ್ಲ. ಚಿಪ್ಪು ಕಟ್ಟುವ ಅಂಗದಲ್ಲಿ ಮೊಟ್ಟೆಯು ಸುಮಾರು 20 ಗಂಟೆಗಳ ಕಾಲ ನಿಲ್ಲುತ್ತದೆ. ಸುಣ್ಣದಂಶದ ಚಿಪ್ಪು ಮೊದಲು ಬಿಳಿಯದಾಗಿದ್ದು, ಕಡೆಯ ಕೆಲವು ಗಂಟೆಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ಕಂದು ದ್ರವ್ಯವು ಅದರ ಮೇಲೆ ಹೆಚ್ಚಾಗಿ ಕೂಡುತ್ತದೆ. ಇದು ದಟ್ಟವಾದರೆ ಮೊಟ್ಟೆಯು ಕಂದಾಗುವುದು. ತೆಳುವಾದರೆ ಕೆನೆಬಣ್ಣ ಅಥವಾ ನಸುಗೆಂಪಾಗುವುದು. ಮೇವನ್ನು ಬದಲಾಯಿಸಿ ಈ ಬಣ್ಣವನ್ನು ತರಲಾಗದು. ಮೇವಿನಿಂದ ಬದಲಾಗುವುದು ಒಳಗಿನ ಹಳದಿ ಭಾಗದ ಬಣ್ಣ ಮಾತ್ರ.

ಚಿಪ್ಪಿನ ಬಣ್ಣವು ವಂಶದಿಂದ ಬರುವಂಥದು. ಹುಂಜವು ಮೊಟ್ಟೆಯಿಡದಿದ್ದರೂ ತನ್ನ ಹೆಣ್ಣುಮರಿಗಳಿಗೆ ಈ ಗುಣವನ್ನು ಹೇಂಟೆಯಂತೆಯೇ ದಾಟಿಸುತ್ತದೆ. ಬಿಳಿಯ ಮೊಟ್ಟೆಯ ಲೆಗ್‌ಹಾರ್ನ್ ಹುಂಜವನ್ನು ಕಂದು ಮೊಟ್ಟೆಯ ರೋಡ್ ಐಲೆಂಡ್ ರೆಡ್ ಹೇಂಟೆಗಳೊಡನೆ ಬಿಟ್ಟರೆ, ಹುಟ್ಟುವ ಹೇಂಟೆಗಳು ಸಾಮಾನ್ಯವಾಗಿ ಎರಡರ ನಡುವಣ ತಿಳಿಬಣ್ಣದ ಮೊಟ್ಟೆಗಳನ್ನಿಡುತ್ತವೆ. ಆದರೆ ಈ ಮಿಶ್ರಸಂತತಿಯನ್ನೇ ಪರಸ್ಪರ ಕೂಡಿಸಿದರೆ, ಮುಂದಿನ ಪೀಳಿಗೆಯಲ್ಲಿ ಕೆಲವು ಬಿಳುಪಿಗೂ ಕೆಲವು ಕಂದಿಗೂ ತಿರುಗುವುವು. ಮೊದಲನೆಯ ವರ್ಷದ ಫಲವನ್ನು ನೋಡಿ ತಳಿಯು ಸಿದ್ಧಿಸಿತೆಂದು ಭಾವಿಸತಕ್ಕದ್ದಲ್ಲ.

ಆದುದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಉತ್ತಮ.

ಮೊದಲನೆಯದಾಗಿ, ಮೊಟ್ಟೆಯಿಡಲು ಹೊಕ್ಕ ಕೋಳಿಯು ತಾನಾಗಿ ಹೊರಬರಲಾರದ ಬಾಗಿಲುಳ್ಳ ಗೂಡುಗಳನ್ನಿಟ್ಟು, ಯಾವ ಹೇಂಟೆಯ ಮೊಟ್ಟೆ ಯಾವ ಬಣ್ಣದ್ದೆಂದು ಬರೆದಿಡಬೇಕು. ಮೊಟ್ಟೆಯಿಡುವ ಅವಧಿಯ ಕೊನೆಯಲ್ಲಿಯೂ, ರೋಗ ಅಥವಾ ಬೆದರಿಕೆಯಿಂದಲೂ ಬಣ್ಣವು ಪೇಲವವಾಗುವುದರಿಂದ, ಆರೋಗ್ಯವಾದ ಹೇಂಟೆಯ ಮೊದಲ ತಿಂಗಳುಗಳ ಮೊಟ್ಟೆಗಳಿಂದಲೇ ನಿರ್ಣಯಿಸಬೇಕು.

ಎರಡನೆಯದಾಗಿ, ಹುಂಜವನ್ನು ಅದರ ಗರಿಯ ಅಂದ ನೋಡಿ ಆರಿಸದೆ, ಅದರ ತಾಯಿಯ ಮತ್ತು ಒಡಹುಟ್ಟಿದ ಹೇಂಟೆಗಳ ಮೊಟ್ಟೆಗಳನ್ನು ನೋಡಿ ಆರಿಸಬೇಕು.

ಮೂರನೆಯದಾಗಿ, ಹಳೆಯ ಹುಂಜವನ್ನು ತೆಗೆದ ಮೇಲೆ ಸುಮಾರು ಮೂರು ವಾರಗಳವರೆಗೆ ಬಂದ ಮೊಟ್ಟೆಗಳನ್ನು ಕಾವಿಗೆ ಇಡಬಾರದು. ಅವುಗಳಲ್ಲಿ ಆ ಹುಂಜದ ಮರಿಗಳೇ ಹುಟ್ಟಬಹುದು.

ನಾಲ್ಕನೆಯದಾಗಿ, ಚಿಲಿ ದೇಶದ ಅರೌಕಾನದಂತಹ ನೀಲಿ ಮೊಟ್ಟೆಯ ತಳಿಯನ್ನು ಬೆರೆಸಕೂಡದು. ನೀಲಿಯ ಗುಣವು ಪ್ರಬಲವಾದುದೆಂದು ಪನೆಟ್ ಎಂಬ ವಿದ್ವಾಂಸರು 1933ರಲ್ಲಿ ಪ್ರಕಟಿಸಿದರು. ಇದು ಕಂದಿನೊಡನೆ ಕೂಡಿದರೆ ಮೊಟ್ಟೆಯು ಹಸುರಾಗುತ್ತದೆ.

ಐದನೆಯದಾಗಿ, ಪ್ರತಿ ಪೀಳಿಗೆಯಲ್ಲಿಯೂ ಇದೇ ಆಯ್ಕೆಯನ್ನು ಬಿಡದೆ ನಡೆಸಬೇಕು. ಆದರೆ ಅತಿ ಸಮೀಪದ ರಕ್ತಸಂಬಂಧದ ಕೋಳಿಗಳನ್ನು ಕೂಡಿಸಿದರೆ ಮರಿಗಳು ದುರ್ಬಲವಾಗುವುವು.

ಬಣ್ಣಕ್ಕಾಗಿ ಮೊಟ್ಟೆಗಳ ಸಂಖ್ಯೆಯನ್ನೂ ಕೋಳಿಗಳ ದೃಢತೆಯನ್ನೂ ಬಲಿಗೊಡುವುದು ವಿವೇಕವಲ್ಲ. ಸುಂದರವಾದ ಮೊಟ್ಟೆಯನ್ನು ಅಪರೂಪಕ್ಕೆ ಇಡುವ ಹೇಂಟೆಯು ತಿಂದ ಕಾಳಿನ ಬೆಲೆಯನ್ನೂ ಹಿಂದಿರುಗಿಸಲಾರದು. ಕೊಕ್ಕರೆ ರೋಗಕ್ಕೆ ಲಸಿಕೆಯನ್ನು ಹಾಕಿಸದಿದ್ದರೆ ವರ್ಷಗಳ ಆಯ್ಕೆಯು ಒಂದೇ ವಾರದಲ್ಲಿ ನಾಶವಾಗಬಹುದು. ಚಿಪ್ಪಿನ ಬಣ್ಣದಿಂದ ಮೊಟ್ಟೆಯ ಸತ್ತ್ವವು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇದನ್ನು ಕೊಳ್ಳುವವರಿಗೆ ಮರೆಮಾಚದೆ ತಿಳಿಸುವುದು ಮಾರುವವರಿಗೆ ಶೋಭೆ. ಗ್ರಾಮದ ಮುಖಂಡರು ಒಳ್ಳೆಯ ವಂಶದ ಒಂದು ಹುಂಜವನ್ನು ಸಾಕಿ, ಅದರ ದಾಖಲೆಯನ್ನು ಕ್ರಮವಾಗಿಟ್ಟು, ನೆರೆಹೊರೆಯವರಿಗೆ ಕಾವಿನ ಮೊಟ್ಟೆಗಳನ್ನು ಒದಗಿಸಿದರೆ, ಒಬ್ಬರ ಆಯ್ಕೆಯ ಪ್ರಯೋಜನವು ಇಡೀ ಗ್ರಾಮಕ್ಕೆ ದೊರೆಯುವುದು.